ಸೇಂಟ್ ಮಾಲೊಗೆ ಗ್ರೂಪ್ ಟೂರಿನಲ್ಲಿ ಹೊರಟವರು ಇದನ್ನೊಮ್ಮೆ ಓದಿ

ಬೆಳಿಗ್ಗೆ ಮೋಂ ಸೇಂಟ್ ಮಿಶೆಲ್ ಎಂಬ ದ್ವೀಪದ ಮಠ, ಮಧ್ಯಾಹ್ನ ಸೇಂಟ್ ಮಾಲೊ. ನಮ್ಮ ಟೂರ್ ಏಜೆನ್ಸಿಯವರು ಒಂದೇ ದಿನಕ್ಕೆ ಎರಡನ್ನೂ ತುರುಕಿದ್ದರು. ಫ್ರಾನ್ಸಿನ ಈ ಬಂದರು ಊರಿನ ಮೇಲೆ ನನ್ನದೇನೂ ದೂರಿಲ್ಲ. ಸಮುದ್ರದ ವೇಳೆ ನೋಡದೆ ಬಸ್ಸಿನ ವೇಳೆ ಮಾತ್ರ ನೋಡುವವರ ಮೇಲಿದೆ.

ಅಲ್ಲಿನ ಭರತ ಇಳಿತ ನಮ್ಮ ಮಲ್ಪೆ, ಕಾರವಾರದಂತಲ್ಲ. ನಮ್ಮಲ್ಲಿ ಎರಡು ಮೀಟರಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಅಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ 12 ಮೀಟರ್ ದಾಟುವುದುಂಟು, ಅಂದರೆ ನಾಲ್ಕಂತಸ್ತಿನ ಮನೆಯಷ್ಟು ನೀರು. ಇಳಿತದಲ್ಲಿ ಊರಿನ ಕೋಟೆಯ ಬುಡದಿಂದ ಗ್ರಾಂ ಬೇ ಎಂಬ ಪುಟ್ಟ ದ್ವೀಪಕ್ಕೆ ನಡೆದೇ ಹೋಗಬಹುದು. ಲೇಖಕ ಶಾತೋಬ್ರಿಯಾಂನ ಸಮಾಧಿ ಅಲ್ಲಿದೆ, ಹೆಸರೂ ಕೆತ್ತದ ಬರೀ ಕಲ್ಲು, ಶಿಲುಬೆ.

"ನೀರೇ ಇಲ್ಲ ಸಾರ್, ಆರಾಮಾಗಿ ನೋಡ್ಕೊಂಡು ಬನ್ನಿ, ಐದಕ್ಕೆ ಬಸ್ಸು" ಎಂದು ಟೂರ್ ಮ್ಯಾನೇಜರ್ ಆ ದ್ವೀಪಕ್ಕೆ ಕಳಿಸಿದಾಗ ಮೂರೂವರೆ ದಾಟಿತ್ತು. ವಾಪಸ್ ಇಳಿಯುವಾಗ ಪಾಚಿ ಹಿಡಿದ ದಾರಿಯ ಎರಡೂ ಬದಿಯಿಂದ ನೀರು ತೆವಳಿ ಬಂದು ನಡುವೆ ಕೂಡುತ್ತಿತ್ತು. ಅಲೆಯಿಲ್ಲ, ಸದ್ದಿಲ್ಲ. ಗುಂಪಿನ ಹುಡುಗನೊಬ್ಬ ಶೂ ಬಿಚ್ಚಿ ಪ್ಯಾಂಟ್ ಮಡಚಿದ. ಅಲ್ಲಿನವಳೇ ಒಬ್ಬ ಹೆಂಗಸು "ನೋ, ನೋ" ಎಂದು ಕೂಗಿ ಅವನ ತೋಳು ಹಿಡಿದೆಳೆದಳು. ಹತ್ತು ನಿಮಿಷದಲ್ಲಿ ಅವನು ಕಾಲಿಡಲಿದ್ದ ಜಾಗ ಕಾಣಲೇ ಇಲ್ಲ.

ದಾರಿ ಮತ್ತೆ ತೆರೆದದ್ದು ರಾತ್ರಿ ಹನ್ನೊಂದರ ಹೊತ್ತಿಗೆ. ಅಲ್ಲಿಯವರೆಗೆ ಬರೀ ಬಂಡೆ, ಹುಲ್ಲು, ಗಾಳಿ. ನಮ್ಮ ಜೊತೆಗಿದ್ದ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರನ್ನು ಯಾರದೋ ಚೀಲದ ಚಕ್ಕುಲಿ, ಬಿಸ್ಕತ್ತು ಕಾಪಾಡಿತು.

ಎದುರಿಗೇ ಊರು. 1944ರ ಆಗಸ್ಟಿನಲ್ಲಿ ಜರ್ಮನ್ನರನ್ನು ಹೊರಹಾಕಲು ಅಮೆರಿಕನ್ನರು ನಡೆಸಿದ ದಾಳಿಗೆ, ಹೊತ್ತಿದ ಬೆಂಕಿಗೆ ಕೋಟೆಯೊಳಗಿನ 865 ಕಟ್ಟಡಗಳಲ್ಲಿ ಉಳಿದದ್ದು 182. ಎಲ್ಲರೂ ಹಳೆಯದೆಂದು ಫೋಟೊ ಹೊಡೆಯುವ ಗ್ರಾನೈಟ್ ಮನೆಗಳು ಬಹುಪಾಲು ಆಮೇಲೆ ಕಟ್ಟಿದವು. 1746ರಲ್ಲಿ ಇಂಗ್ಲಿಷರಿಂದ ಮದರಾಸು ಕಿತ್ತುಕೊಂಡ ಫ್ರೆಂಚ್ ನೌಕಾಧಿಕಾರಿ ಲಾ ಬೂರ್ಡೊನೆ ಇಲ್ಲಿಯವನೇ. ಇದನ್ನೆಲ್ಲ ನಮ್ಮ ಗೈಡ್ ಹೇಳಲಿಲ್ಲ ಬಿಡಿ, ಬಂಡೆ ಮೇಲೆ ಕೂತು ಫೋನಿನಲ್ಲಿ ಓದಿದ್ದು.

ಬಸ್ಸು ಹೊರಟುಹೋಗಿತ್ತು. ರೆನ್ ಎಂಬ ಊರಿನ ನಮ್ಮ ಹೋಟೆಲಿಗೆ ಟ್ಯಾಕ್ಸಿ ದುಡ್ಡು ನಮ್ಮದೇ. ಕೇಳಿದರೆ ಏಜೆನ್ಸಿಯವರು "ಫ್ರೀ ಟೈಮಿನಲ್ಲಿ ಆದದ್ದಕ್ಕೆ ನಾವು ಹೊಣೆಯಲ್ಲ" ಎಂದು ಕರಾರಿನ ಸಣ್ಣಕ್ಷರ ತೋರಿಸಿದರು.

ಬುಕ್ ಮಾಡುವ ಮೊದಲೇ ಆ ದಿನದ ಭರತ ಇಳಿತದ ವೇಳೆಯನ್ನು ಏಜೆನ್ಸಿಯಿಂದ ಬರಹದಲ್ಲಿ ಕೇಳಿ. ಊರಿನ ಪ್ರವಾಸಿ ಕಚೇರಿಯಲ್ಲೂ ವೇಳಾಪಟ್ಟಿ ಸಿಗುತ್ತದೆ. ಅದರಲ್ಲಿ 20ರಿಂದ 120ರವರೆಗಿನ ಒಂದು ಅಂಕಿ ಇರುತ್ತದೆ, ಅದು ದೊಡ್ಡದಿದ್ದಷ್ಟೂ ಭರತ ಜೋರು. ನೀರು ಪೂರ್ತಿ ಇಳಿದು ಮತ್ತೆ ಏರತೊಡಗಿದ ಮೇಲೆ ದ್ವೀಪಕ್ಕೆ ಹೊರಡಲೇಬೇಡಿ. ಸಿಕ್ಕಿಬಿದ್ದರೆ ಮೊಣಕಾಲುದ್ದ ನೀರಿದ್ದರೂ ಇಳಿಯದೆ ಮೇಲೆಯೇ ಇರಿ. ಯಾರಿಗಾದರೂ ಹುಷಾರು ತಪ್ಪಿದರೆ ಸಮುದ್ರ ರಕ್ಷಣೆಯವರ ನಂಬರ್ 196, ಇಲ್ಲವೇ 112.