ಡಂಜನ್ ಸ್ಕ್ರಾಲ್: ಸಮಾಧಿಯ ನಕ್ಷೆಗೆ ನನ್ನ ಆಯ್ಕೆ

ತುಮಕೂರಿನಲ್ಲಿ ಭಾನುವಾರ ನಾವು ಗೆಳೆಯರು ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಸಾಹಸದ ಆಟ ಇದು. ನಕ್ಷೆ ಮಾಡುವ ಕೆಲಸ ನನ್ನದು. ಹಳೇ ರಾಜರ ಸಮಾಧಿ ಅಂದ್ರೆ ನನಗೆ ಪ್ರಾಣ. ಅದಕ್ಕೆ ಡಂಜನ್ ಸ್ಕ್ರಾಲ್ ಅನ್ನುವ ನಕ್ಷೆ ಬರೆಯುವ ಸಾಫ್ಟ್‌ವೇರ್ ಬಳಸುತ್ತೇನೆ. ಬ್ರೌಸರ್‌ನಲ್ಲೇ ತೆರೆಯುತ್ತೆ, ಶುರು ಮಾಡೋಕೆ ದುಡ್ಡು ಬೇಕಿಲ್ಲ. ಎರಡು ಕೋಣೆ ಒಂದರ ಮೇಲೊಂದು ಬರೆದರೆ ನಡುವಿನ ಗೋಡೆ ತಾನಾಗೇ ಹೋಗುತ್ತೆ. ಗೋಡೆಯಾಚೆ ಬಂಡೆಯಂತೆ ಕಾಣುವ ಗೀರುಗಳನ್ನೂ ಅದೇ ಹಾಕಿಕೊಡುತ್ತೆ.

ನನ್ನ ಮಾದರಿ ಈಜಿಪ್ಟಿನ ಹಳೇ ರಾಜ ಮೊದಲನೇ ಸೇಟಿಯ ಸಮಾಧಿ. 1817ರಲ್ಲಿ ಇಟಲಿಯ ಅನ್ವೇಷಕ ಬೆಲ್ಜೋನಿ ಒಳಹೊಕ್ಕಾಗ ಆಳದ ಗುಂಡಿ ಅಡ್ಡ ಬಂತು. ಅದರಾಚೆ ಚಿತ್ರ ಬರೆದ ಗೋಡೆ, ಸಮಾಧಿ ಅಲ್ಲಿಗೇ ಮುಗಿಯಿತು ಅನ್ನುವ ಹಾಗೆ. ನಿಜವಾದ ದಾರಿ ಇದ್ದದ್ದು ಆ ಗೋಡೆಯ ಹಿಂದೆ! ಆಟಕ್ಕೆ ಇದಕ್ಕಿಂತ ಒಳ್ಳೆ ಉಪಾಯ ಬೇಕಾ? ನನ್ನ ನಕ್ಷೆಯಲ್ಲಿ ಅಂಥ ಗೋಡೆಯ ಹಿಂದಿನ ಕೋಣೆಗಳನ್ನು ಬೇರೆ ಪದರದಲ್ಲಿ, ಅಂದ್ರೆ ಲೇಯರ್‌ನಲ್ಲಿ ಬರೆದೆ. ಆಟಗಾರರ ಪ್ರತಿ ತೆಗೆಯುವಾಗ ಆ ಲೇಯರ್ ಮರೆಮಾಡಿದೆ. ಆಟದಲ್ಲಿ ಗುಂಡಿ ದಾಟಿದವರು ಗೋಡೆ ತಟ್ಟಿ ನೋಡಿದಾಗ ಟೊಳ್ಳು ಸದ್ದು. ಮೇಜಿನ ಸುತ್ತ ಎಲ್ಲರೂ ಎದ್ದು ನಿಂತರು.

ಕಲ್ಲು, ಮರ ಎಲ್ಲ ಬಣ್ಣದಲ್ಲಿ ಕಾಣುವ ನಕ್ಷೆ ಬೇಕಂದ್ರೆ ಬೇರೆ ಸಾಫ್ಟ್‌ವೇರ್ ನೋಡಿ. ಕಪ್ಪು ಗೆರೆಯ ಹಳೇ ಶೈಲಿಗೆ ಇದೇ ಸರಿ.

ಪ್ರಿಂಟ್‌ಗೆ ಮನೆ ಪ್ಲಾನ್ ತೆಗೆಯುವ ಅಂಗಡಿಗೆ ಹೋಗಿ. ಒಂದು ಇಂಚಿನ ಚೌಕ ಅಂದ್ರೆ ಆಟದಲ್ಲಿ 5 ಅಡಿ. 24×36 ಇಂಚಿನ ಹಾಳೆಯಲ್ಲಿ 120×180 ಅಡಿಯ ಸಮಾಧಿ ಕೂರುತ್ತೆ. ಹಾಳೆಗೆ ತಕ್ಕಂತೆ ಕುಗ್ಗಿಸಬೇಡಿ, ಇದ್ದ ಅಳತೆಗೇ ತೆಗೆಯಿರಿ ಅಂತ ಮೊದಲೇ ಹೇಳಿ. ದುಡ್ಡು ಕೊಡುವ ಮುಂಚೆ ಸ್ಕೇಲ್ ಇಟ್ಟು ಒಂದು ಚೌಕ ಅಳೆದುಬಿಡಿ.