ಹಾಸಿಗೆ ಹುಣ್ಣಿಗೆ ಗಾಳಿಯ ರಿಂಗ್ ಇಡಬೇಡಿ

ಪಾರ್ಶ್ವವಾಯುವಿನಿಂದ ಎಡಭಾಗ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದ ನಮ್ಮ ತಾಯಿಯವರಿಗೆ ಮೂರನೆಯ ವಾರದಲ್ಲಿ, ಬೆನ್ನುಮೂಳೆ ಮುಗಿಯುವ ಜಾಗದಲ್ಲಿ, ನಾಣ್ಯದಷ್ಟು ಅಗಲದ ಕೆಂಪು ಕಲೆ ಕಾಣಿಸಿತು. ಬೆರಳಿನಿಂದ ಒತ್ತಿ ಬಿಟ್ಟರೂ ಅದು ಬಿಳಿಚಿಕೊಳ್ಳಲಿಲ್ಲ. ಹಾಸಿಗೆ ಹುಣ್ಣಿನ ಮೊದಲ ಹಂತ ಅದೇ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಕಾಣದೆಯೂ ಹೋಗಬಹುದು. ಆ ಜಾಗ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು.

ಔಷಧಿ ಅಂಗಡಿಯವರು ಗಾಳಿ ತುಂಬುವ ರಬ್ಬರ್ ರಿಂಗ್ ಕೊಟ್ಟರು. ನಡುವೆ ತೂತಿರುವುದರಿಂದ ಹುಣ್ಣಿಗೆ ಏನೂ ತಾಗುವುದಿಲ್ಲ ಎಂಬ ಅವರ ಮಾತು ನಂಬುವಂತೆಯೇ ಇತ್ತು. ಐದನೆಯ ದಿನ ಬೆಳಿಗ್ಗೆ ಮೈ ಒರೆಸಲು ತಾಯಿಯವರನ್ನು ಮಗ್ಗುಲಿಗೆ ತಿರುಗಿಸಿದಾಗ ರಿಂಗಿನ ಅಂಚು ಚರ್ಮದ ಮೇಲೆ ಬಳೆಯಂತೆ ಅಚ್ಚೊತ್ತಿತ್ತು. ನಡುವಿನ ಭಾಗ ಊದಿಕೊಂಡು ನೇರಳೆ ಬಣ್ಣಕ್ಕೆ ತಿರುಗಿತ್ತು, ಒದ್ದೆ ಬಟ್ಟೆ ಸೋಕಿದೊಡನೆ ಚರ್ಮ ಸುಲಿದು ಬಂತು. ಆ ಗಾಯ ಮಾಯಲು ಐದು ತಿಂಗಳು ಬೇಕಾಯಿತು.

ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ಎಂಬ ಸೂತ್ರವನ್ನು ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಆದರೆ ಅಮ್ಮನ ಹಾಸಿಗೆಯ ಬಳಿ ಅದು ನೆನಪಿಗೆ ಬರಲಿಲ್ಲ. ಸೊಂಟದ ಭಾಗದ ಭಾರ 24 ಕಿಲೋ ಎಂದುಕೊಳ್ಳಿ. ಅದು ಮೆತ್ತನೆಯ ಹಾಸಿಗೆಯ 480 ಚದರ ಸೆಂಟಿಮೀಟರಿನಲ್ಲಿ ಹರಡಿದರೆ ಒತ್ತಡ ಸರಾಸರಿ 37 ಮಿಲಿಮೀಟರ್ ಪಾದರಸದಷ್ಟಾಗುತ್ತದೆ (ಬಿ.ಪಿ. ಅಳೆಯುವುದೂ ಇದೇ ಮಾನದಲ್ಲಿ). ಅದೇ ಭಾರ ರಿಂಗಿನ 160 ಚದರ ಸೆಂಟಿಮೀಟರಿನ ಮೇಲೆ ಬಿದ್ದರೆ 110 ಆಗುತ್ತದೆ. ಚರ್ಮದ ಸೂಕ್ಷ್ಮ ರಕ್ತನಾಳಗಳೊಳಗಿನ ಒತ್ತಡವಾದರೋ ಸುಮಾರು 32 ಮಾತ್ರ; ಹೊರಗಿನ ಒತ್ತಡ ಅದನ್ನು ಮೀರಿ ಬಹಳ ಹೊತ್ತು ಉಳಿದರೆ ಅಲ್ಲಿಗೆ ರಕ್ತ ಸರಿಯಾಗಿ ಹರಿಯದು. ರಿಂಗು ಹುಣ್ಣಿನ ಭಾರವನ್ನು ಇಳಿಸಿರಲಿಲ್ಲ. ಸುತ್ತಲೂ ಅದುಮಿ, ನಡುವಿನ ಚರ್ಮಕ್ಕೆ ರಕ್ತ ಹರಿಯುವ ದಾರಿಯನ್ನೇ ಕಟ್ಟಿತ್ತು. ಮೆತ್ತನೆಯ ಹಾಸಿಗೆಯ ಮೇಲೂ ಒತ್ತಡ 32ನ್ನು ಮೀರುತ್ತದೆ ಎಂಬುದನ್ನು ಗಮನಿಸಿ. ಆದ್ದರಿಂದಲೇ ಮಗ್ಗುಲು ಬದಲಿಸದೆ ಬೇರೆ ದಾರಿಯಿಲ್ಲ.

ಆಮೇಲೆ ಮನೆಗೆ ಬಂದು ಡ್ರೆಸಿಂಗ್ ಮಾಡುತ್ತಿದ್ದ ನರ್ಸ್ ಕಲಿಸಿದಂತೆ, ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದೆವು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಪಕ್ಕದ ಎಲುಬಿಗೆ ಭಾರ ಬೀಳುವುದರಿಂದ, ಬೆನ್ನಿನ ಹಿಂದೆ ದಿಂಬು ಕೊಟ್ಟು ಮೈಯನ್ನು 30 ಡಿಗ್ರಿಯಷ್ಟು ಮಾತ್ರ ವಾಲಿಸುತ್ತಿದ್ದೆವು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಗಳು ಹಾಸಿಗೆಗೆ ತಾಗದಂತೆ ನೋಡಿಕೊಂಡೆವು. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯದೆ, ಮಡಿಸಿ ಹಾಸಿದ ದುಪ್ಪಟಿಯನ್ನು ಇಬ್ಬರು ಹಿಡಿದು ಎತ್ತಬೇಕು, ಎಳೆದರೆ ಚರ್ಮದ ಒಳಗಿನ ಪದರಗಳು ಹರಿದುಹೋಗುತ್ತವೆ. ಏರ್ ಬೆಡ್ ತಂದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ.

ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ಉಜ್ಜಬೇಡಿ. ನಾನು ಉಜ್ಜಿದ್ದೆ; ಈಗಲೂ ನೆನೆದರೆ ಸಂಕಟವಾಗುತ್ತದೆ. ತೆರೆದ ಗಾಯಕ್ಕೆ ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಸುರಿಯದೆ ಸಲೈನಿನಿಂದ ತೊಳೆಯಿರಿ. ಜ್ವರ ಬಂದರೆ, ಗಾಯ ಕಪ್ಪಾದರೆ ಅಥವಾ ದುರ್ವಾಸನೆ ಬೀರಿದರೆ ಆ ದಿನವೇ ವೈದ್ಯರಿಗೆ ತೋರಿಸಿ.

ಪಕ್ಕದ ಬೀದಿಯವರು ತಮ್ಮ ಮಾವನವರಿಗಾಗಿ ಆ ರಿಂಗ್ ಕೇಳಿಕೊಂಡು ಬಂದಾಗ ನಾನು ಕೊಡಲಿಲ್ಲ. ಅದನ್ನು ಕತ್ತರಿಸಿ ಕಸಕ್ಕೆ ಹಾಕಿ, ಎರಡು ದಿಂಬುಗಳನ್ನು ಹಿಡಿದು ಅವರ ಜೊತೆಗೇ ಹೋದೆ.