ಜೋತುಬಿದ್ದ ಬಾಗಿಲಿಗೆ ರಂಧಾ ಬೇಕಿರಲಿಲ್ಲ: ಶಹಾಪುರದ ಬಡಿಗರೊಬ್ಬರ ಕೆಲಸದ ಕುರಿತು

ಬೆಳಗಾವಿಯ ವಡಗಾವಿಯಲ್ಲಿರುವ ನಮ್ಮ ಮನೆಯ ಪಡಸಾಲೆಗೆ ಹಳೆಯ ಸಾಗವಾನಿ ಬಾಗಿಲಿದೆ. ಎರಡು ವರ್ಷಗಳಿಂದ ಅದು ಮುಚ್ಚುವಾಗ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. ಮಳೆಗಾಲದಲ್ಲಂತೂ ಭುಜ ಕೊಟ್ಟು ನೂಕದ ಹೊರತು ಚಿಲಕ ಬೀಳುತ್ತಿರಲಿಲ್ಲ. ಕಳೆದ ವರ್ಷ ಕರೆಸಿದ ಬಡಿಗರು ಮಳೆಗೆ ಕಟ್ಟಿಗೆ ಉಬ್ಬಿದೆ ಎಂದು ಹೇಳಿ, ಚಿಲಕದ ಕಡೆಯ ಮೇಲಿನ ಮೂಲೆಗೆ ರಂಧಾ (ಕಟ್ಟಿಗೆ ಹೆರೆಯುವ ಉಜ್ಜುಗೊರಡು) ಹೊಡೆದು ಹೋದರು. ನಾಲ್ಕು ತಿಂಗಳು ನೆಮ್ಮದಿಯಿತ್ತು, ಅನಂತರ ಬಾಗಿಲು ಮತ್ತೆ ಹಳೆಯ ಚಾಳಿಗೇ ಮರಳಿತು.

ಈ ಆಗಸ್ಟ್ ತಿಂಗಳಲ್ಲಿ ಪರಿಚಯದವರ ಮಾತಿನಂತೆ ಶಹಾಪುರದ ಬಡಿಗರೊಬ್ಬರನ್ನು ಕರೆಸಿದೆ. ಸೋಮವಾರ ಬರುತ್ತೇನೆಂದವರು ಬಂದದ್ದು ಗುರುವಾರ. ಅದೊಂದು ದೂರನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಬಂದವರು ಚೀಲವನ್ನೇ ಬಿಚ್ಚದೆ ಬಾಗಿಲನ್ನು ಅರ್ಧ ತೆರೆದು, ಹಿಡಿಕೆಯನ್ನು ಹಿಡಿದು ಮೆಲ್ಲಗೆ ಮೇಲೆತ್ತಿ, ಕಣ್ಣನ್ನು ಮಾತ್ರ ಮೇಲಿನ ಬಿಜಾಗರಿಯ ಮೇಲಿಟ್ಟರು. ಬಾಗಿಲು ಎದ್ದಂತೆ ಬಿಜಾಗರಿಯ ತಗಡೂ ಚೌಕಟ್ಟಿನಿಂದ ಅಲುಗಿತು. "ಸರ್, ಬಾಗಿಲ ಉಬ್ಬಿಲ್ಲರೀ, ಜೋತು ಬಿದ್ದೈತ್ರೀ" ಎಂದರು.

ಎರಡಕ್ಕೂ ಇರುವ ವ್ಯತ್ಯಾಸವನ್ನು ಅವರು ಬಾಗಿಲಿನ ಸಂದಿನಲ್ಲೇ ತೋರಿಸಿದರು. ಕಟ್ಟಿಗೆ ತೇವ ಕುಡಿದು ಉಬ್ಬಿದ್ದರೆ ಚಿಲಕದ ಕಡೆಯ ಸಂದು ಮೇಲಿನಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಒಂದೇ ಸಮನಾಗಿ ಕಿರಿದಾಗುತ್ತದೆ. ಮೇಲಿನ ಬಿಜಾಗರಿ ಸಡಿಲವಾಗಿದ್ದರೆ ಆ ಬಿಜಾಗರಿಯ ಬಳಿ ಸಂದು ಅಗಲವಾಗಿ, ಎದುರು ಬದಿಯ ಮೇಲಿನ ಮೂಲೆ ಚೌಕಟ್ಟಿಗೆ ತಾಗುತ್ತದೆ, ಅದೇ ಬದಿಯ ಕೆಳಮೂಲೆ ಹೊಸ್ತಿಲಿಗೆ ಉಜ್ಜುತ್ತದೆ. ನಮ್ಮ ಹೊಸ್ತಿಲಿನ ಮೇಲೆ ಕಮಾನಿನಾಕಾರದ ಗೀರು ಎರಡು ವರ್ಷಗಳಿಂದ ಕಣ್ಣೆದುರಿಗೇ ಇತ್ತು. ಪಕ್ಕದ ಮನೆಯ ವಿದ್ಯುತ್ ಮಗ್ಗದ ಅದುರುವಿಕೆಯೇ ಸ್ಕ್ರೂಗಳನ್ನು ಸಡಿಲಿಸಿತೆಂದು ಅವರ ಅಭಿಪ್ರಾಯ. ಬಾಗಿಲಿನ ಹಿಡಿಕೆಗೆ ನಾವು ನೇತುಹಾಕುವ ಸಂತೆಚೀಲಗಳ ಮೇಲೆಯೇ ನನಗೆ ಹೆಚ್ಚು ಅನುಮಾನ.

ಕೆಲಸವನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಬಾಗಿಲಿನ ಕೆಳಗೆ ಬೆಣೆ ಕೊಟ್ಟು ಭಾರವನ್ನು ಹೊರಿಸಿದ ಮೇಲೆ ಮೇಲಿನ ಬಿಜಾಗರಿಯ ಸ್ಕ್ರೂಗಳನ್ನು ಬಿಚ್ಚಿದರು. ಅವುಗಳಲ್ಲಿ ಎರಡು ಬೆರಳಿನಿಂದಲೇ ಹೊರಬಂದವು, ಜೊತೆಗೆ ಕಂದು ಬಣ್ಣದ ಪುಡಿಯೂ ಉದುರಿತು. ಇಂತಹ ತೂತಿಗೆ ಬೆಂಕಿಕಡ್ಡಿ ತುರುಕಿ ಅದೇ ಸ್ಕ್ರೂವನ್ನು ಬಿಗಿಯುವುದು ನಮ್ಮೆಲ್ಲರಿಗೂ ಗೊತ್ತಿರುವ ಉಪಾಯ. ಇವರು ಹಾಗೆ ಮಾಡಲಿಲ್ಲ. ಒಣ ಸಾಗವಾನಿಯ ತುಂಡನ್ನು ಉಳಿಯಿಂದ ಕೆತ್ತಿ ಗೂಟ ಮಾಡಿ, ಫೆವಿಕಾಲ್ ಹಚ್ಚಿ ತೂತಿಗೆ ಬಡಿದು, ಹೊರಗುಳಿದ ತುದಿಯನ್ನು ಕೊಯ್ದು ಸಮ ಮಾಡಿದರು. ಅಂಟು ಒಣಗಲೆಂದು ಊಟಕ್ಕೆ ಹೋಗಿ ಬಂದ ಮೇಲೆ ಅದರಲ್ಲಿ ಸಣ್ಣ ತೂತು ಕೊರೆದು, ಹಿಂದಿದ್ದ 1 ಇಂಚಿನ ಸ್ಕ್ರೂಗಳ ಬದಲು 2 ಇಂಚಿನವನ್ನು ಮೇಣ ಸವರಿ ತಿರುಗಿಸಿದರು. ಸಂದು ಸರಿಯಿದೆಯೇ ಎಂದು ಎರಡು ನಾಣ್ಯಗಳನ್ನು ಜೋಡಿಸಿ ಮೇಲಿನಿಂದ ಕೆಳಗಿನವರೆಗೆ ಜಾರಿಸಿ ನೋಡಿದ್ದು ನನಗೆ ಬಹಳ ಹಿಡಿಸಿತು. ಮೊಳೆ ಸವೆದಿದ್ದ ನಡುವಿನ 4 ಇಂಚಿನ ಬಿಜಾಗರಿಯನ್ನು ಮಾತ್ರ ಹೊಸದಾಗಿ ಹಾಕಿದರು, ಕೆಳಗಿನದನ್ನು ಮುಟ್ಟಲಿಲ್ಲ.

ಸಾಮಾನು, ಕೂಲಿ ಎಲ್ಲ ಸೇರಿ 750 ರೂಪಾಯಿ ಆಯಿತು. ಹೊಸ ಸ್ಕ್ರೂಗಳ ಸುತ್ತ ಕಿತ್ತ ಪಾಲಿಶ್ ಹಾಗೆಯೇ ಉಳಿದಿದೆ, ಕಟ್ಟಿಗೆಯ ಪುಡಿಯನ್ನು ನಾವೇ ಗುಡಿಸಿದೆವು. ಹೊತ್ತಿಗೆ ಸರಿಯಾಗಿ ಬರಬೇಕೆಂಬ ಹಟ ಇರುವವರಿಗೆ ಇವರು ಒಗ್ಗಲಾರರು. ಬಾಗಿಲು ಮಾತ್ರ ಈಗ ಒಂದು ಬೆರಳಿಗೆ ಮುಚ್ಚುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ.

ಉಳಿದಿರುವ ತೊಂದರೆ ಹಿಂದಿನ ರಂಧಾದ್ದು. ಬಾಗಿಲು ತನ್ನ ಜಾಗಕ್ಕೆ ಎದ್ದ ಮೇಲೆ, ಸವೆಸಿದ ಆ ಮೇಲಿನ ಮೂಲೆಯಲ್ಲಿ ಕಿರುಬೆರಳು ತೂರುವಷ್ಟು ಸಂದು ಬಿದ್ದಿದ್ದು, ರಾತ್ರಿ ಅಲ್ಲಿಂದ ಪಡಸಾಲೆಯ ದೀಪದ ಬೆಳಕು ಹೊರಗೆ ಕಾಣುತ್ತದೆ. ಅದಕ್ಕೊಂದು ತೆಳು ಪಟ್ಟಿ ಅಂಟಿಸಿಕೊಡಿ ಎಂದು ಕೇಳಿದಾಗ, ಕಟ್ಟಿಗೆ ಇನ್ನೂ ಹಸಿಯಿದೆ, ದೀಪಾವಳಿ ಕಳೆದ ಮೇಲೆ ಅಳತೆ ತೆಗೆದುಕೊಳ್ಳುತ್ತೇನೆ ಎಂದರು. ಪಟ್ಟಿಯ ಕೆಲಸಕ್ಕೆ ಆ ದಿನವೇ ಸಿಗಬಹುದಾಗಿದ್ದ ಕೂಲಿಯನ್ನು ಬಿಟ್ಟುಕೊಟ್ಟು ಹೇಳಿದ ಮಾತದು. ಪಟ್ಟಿಯ ಕೆಲಸಕ್ಕೂ ಇವರನ್ನೇ ಕರೆಯುತ್ತೇನೆ, ಮೂರು ದಿನ ಮುಂಚಿತವಾಗಿ.